ವೈಪರ್ ನಿಂತರೆ ಮೋಟರ್ ಸುಟ್ಟಿದೆ ಎಂದಲ್ಲ

ಮೇ ಕೊನೆಯ ವಾರದಲ್ಲಿ ಮೋಡ ಕಟ್ಟತೊಡಗಿದೊಡನೆ ನಮ್ಮ ಮಲೆನಾಡಿನ ಗ್ಯಾರೇಜುಗಳಿಗೆ ಒಂದು ಬಗೆಯ ಕಾರುಗಳು ಬರಲಾರಂಭಿಸುತ್ತವೆ. ಮಕ್ಕಳು ಊರು ಬಿಟ್ಟ ಮೇಲೆ ಎರಡು ಮೂರು ವರ್ಷ ಹಲಸಿನ ಮರದಡಿಯಲ್ಲೋ ಅಡಿಕೆ ಶೆಡ್ಡಿನಲ್ಲೋ ನಿಂತಿದ್ದ ಹಳೆಯ ಕಾರುಗಳು ಅವು; ಹೆಚ್ಚಿನವು ಮಾರುತಿ 800. ಹೊಸ ಬ್ಯಾಟರಿ ಕೂರಿಸಿ, ಹಳೆಯ ಪೆಟ್ರೋಲ್ ಚೆಲ್ಲಿ, ಎಂಜಿನ್ ಚಾಲೂ ಮಾಡಿಕೊಂಡೇ ಬಂದಿರುತ್ತಾರೆ. ವೈಪರ್ ಮಾತ್ರ ಅಲುಗುವುದಿಲ್ಲ. ಹಳೆಯ ಮೋಟರ್ ಸುಟ್ಟಿದೆಯೆಂದು ತಾವೇ ತೀರ್ಮಾನಿಸಿ, ಹೊಸ ಮೋಟರಿನ ಡಬ್ಬವನ್ನೂ ಕೈಯಲ್ಲಿ ಹಿಡಿದು ತಂದಿರುತ್ತಾರೆ.

ಹೇಗೆ ಗೊತ್ತಾಯಿತೆಂದು ಕೇಳಿದರೆ ಬರುವ ಉತ್ತರ ಒಂದೇ: ವೈಪರ್ ಕಡ್ಡಿಯನ್ನು ಕೈಯಿಂದ ಎಳೆದು ನೋಡಿದೆವು, ಜಪ್ಪಯ್ಯ ಎಂದರೂ ಬರಲಿಲ್ಲ. ಈ ಉತ್ತರ ಕೇಳಿ ಕೇಳಿ ನನಗೆ ಸಾಕಾಗಿದೆ. ಹೊಚ್ಚಹೊಸ ಕಾರಿನ ವೈಪರ್ ಕಡ್ಡಿಯೂ ಹಾಗೆ ಎಳೆದರೆ ಬರುವುದಿಲ್ಲ. ಮೋಟರಿನೊಳಗಿನ ವರ್ಮ್, ಎಂದರೆ ಸ್ಕ್ರೂವಿನಂತೆ ಸುರುಳಿ ಹಲ್ಲಿರುವ ದಂಡ, ತನಗೆ ತಾಗಿದ ಗಿಯರ್ ಚಕ್ರವನ್ನು ತಿರುಗಿಸಬಲ್ಲದೇ ಹೊರತು ಚಕ್ರವು ವರ್ಮನ್ನು ತಿರುಗಿಸಲಾರದು. ಆದ್ದರಿಂದ ಕಡ್ಡಿ ಬಿಗಿಯಾಗಿರುವುದು ರೋಗದ ಲಕ್ಷಣವಲ್ಲ, ಆರೋಗ್ಯದ್ದು. ಇನ್ನಷ್ಟು ಬಲ ಹಾಕಿದರೆ ಒಳಗಿನ ಪ್ಲಾಸ್ಟಿಕ್ ಗಿಯರಿನ ಹಲ್ಲೋ ಕಡ್ಡಿಯ ಬುಡದ ಹಲ್ಲೋ ಸವೆದು, ಇಲ್ಲದ ರೋಗ ಹುಟ್ಟಿಕೊಳ್ಳುತ್ತದೆ.

ನಿಜವಾಗಿ ಸಿಕ್ಕಿಕೊಂಡಿರುವುದು ಬಹಳ ಸಲ ಸ್ಪಿಂಡಲ್. ಮೋಟರ್ ಸುತ್ತುತ್ತದೆ, ಅದರ ಕ್ರ್ಯಾಂಕಿಗೆ, ಎಂದರೆ ಮೋಟರಿನ ಅಚ್ಚಿನ ತುದಿಯ ಗಿಡ್ಡ ತೋಳಿಗೆ, ಸೇರಿದ ಲಿಂಕ್ ಸರಳುಗಳು ಆ ಸುತ್ತನ್ನು ಹೋಗಿಬರುವ ಚಲನೆಯಾಗಿಸುತ್ತವೆ, ಕೊನೆಯಲ್ಲಿ ಎರಡು ಉಕ್ಕಿನ ಸ್ಪಿಂಡಲ್‌ಗಳು ಕಡ್ಡಿಗಳನ್ನು ಆಡಿಸುತ್ತವೆ. ಈ ಸ್ಪಿಂಡಲ್‌ಗಳು ಕೂತಿರುವುದು ಗಾಜಿನ ಬುಡದಲ್ಲಿ. ಜಾಲರಿಯ ಕೆಳಗೆ ದೋಣಿಯಂತಿರುವ ಅದೇ ಜಾಗದಲ್ಲಿ ಎಲೆ ಉದುರಿ ಕೊಳೆಯುತ್ತದೆ, ನೀರು ಹೋಗುವ ತೂತು ಕಟ್ಟಿ ತೇವ ನಿಲ್ಲುತ್ತದೆ. ವರ್ಷಗಟ್ಟಲೆ ಅಲುಗದಿದ್ದಾಗ ಗ್ರೀಸ್ ಒಣಗಿ ಹಲಸಿನ ಮೇಣದಂತೆ ಅಂಟುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ, ಹಲವು ಕಾರುಗಳಲ್ಲಿ ಸುತ್ತಲಿನ ಮಿಶ್ರಲೋಹದ ಗೂಡು ಬಿಳಿಪುಡಿ ಕಟ್ಟಿ ಉಬ್ಬಿ ಸ್ಪಿಂಡಲನ್ನು ಬಿಗಿಹಿಡಿಯುತ್ತದೆ. ಆ ಸ್ಥಿತಿಯಲ್ಲಿ ಸ್ವಿಚ್ ಒತ್ತಿದರೆ ಪಾಪದ ಮೋಟರ್ ಸುತ್ತಲಾಗದೆ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆದು ಫ್ಯೂಸ್ ಹಾರಿಸುತ್ತದೆ. ಹೊಸ ಮೋಟರ್ ಹಾಕಿದರೂ ಆಗುವುದು ಇದೇ.

ಹಾಗಾಗಿ ಮೊದಲು ಮಾಡಬೇಕಾದದ್ದು ಮೋಟರನ್ನೂ ಲಿಂಕನ್ನೂ ಬೇರ್ಪಡಿಸುವುದು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕ್ರ್ಯಾಂಕ್ ಇರುವ ಸ್ಥಾನಕ್ಕೆ ಗುರುತು ಹಾಕಿಕೊಂಡು, ಲಿಂಕ್ ಸರಳನ್ನು ಕಳಚಬೇಕು. ಅನಂತರ ಸ್ಪಿಂಡಲ್‌ಗಳನ್ನು ಒಂದೊಂದಾಗಿ ತಿರುಗಿಸಿ ನೋಡಬೇಕು. ಹೆಚ್ಚು ಬಲ ಬೇಡದೆ ಸಲೀಸಾಗಿ ಆಡಬೇಕು. ಆಡದಿದ್ದರೆ ಕಳ್ಳ ಸಿಕ್ಕಿದ. ಬಳಿಕ ಕೈ ದೂರವಿಟ್ಟುಕೊಂಡು ಬ್ಯಾಟರಿ ಜೋಡಿಸಿ ಸ್ವಿಚ್ ಹಾಕಿದಾಗ ಮೋಟರ್ ಸದ್ದಿಲ್ಲದೆ ಸುತ್ತಿದರೆ ಅದನ್ನು ಬೈಯುವುದನ್ನು ನಿಲ್ಲಿಸಬಹುದು. ಆಗಲೂ ಸುತ್ತದಿದ್ದರೆ ಅರ್ಥ್, ಎಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿ, ಸರಿಯಿದೆಯೇ ನೋಡಿ: ಸ್ವಿಚ್ ಹಾಕಿರುವಾಗ ಮೋಟರಿನ ಮೈಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರ್ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ತಂತಿ ತುಕ್ಕು ಹಿಡಿದಿದೆ, ಅಥವಾ ಇಲಿ ಕಡಿದಿದೆ. ಫ್ಯೂಸ್ ಹೋಲ್ಡರಿನ ಹಸಿರು ಕಿಲುಬು, ಮೋಟರಿನೊಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ ಅಂಟಿಕೊಂಡಿರುವುದು ಆಮೇಲಿನ ಮಾತು. ಕಾರನ್ನು ಕಣ್ಣಾರೆ ನೋಡದೆ ಇದಕ್ಕಿಂತ ಹೆಚ್ಚು ಖಚಿತವಾಗಿ ಹೇಳಲಾರೆ. ಬೇರೆ ಮಾದರಿಗಳಲ್ಲಿ ಜೋಡಣೆಯೂ ತುಸು ಬೇರೆ ಇರುತ್ತದೆ.

ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕೆಲಸ ಮುಗಿಯಿತೆನ್ನುವವರೂ ಇದ್ದಾರೆ. ಅದು ಅಳಿದುಳಿದ ಗ್ರೀಸನ್ನೂ ತೊಳೆದುಹಾಕುತ್ತದೆ, ಹದಿನೈದು ದಿನಕ್ಕೆ ಮತ್ತೆ ಬಿಗಿಯುತ್ತದೆ. ಸ್ಪಿಂಡಲನ್ನು ಹಿಡಿದಿಡುವ ಸರ್ಕ್ಲಿಪ್ ಎಂಬ ಉಂಗುರ ತೆಗೆದು, ಸ್ಪಿಂಡಲ್ ಹೊರಗೆಳೆದು, ನಯವಾದ ಎಮರಿ ಕಾಗದದಲ್ಲಿ ಉಜ್ಜಿ, ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ತುಂಬಬೇಕು. ರಿವೆಟ್ ಹೊಡೆದದ್ದಾದರೆ ಇಡೀ ಲಿಂಕ್ ಸೆಟ್ ಬದಲಿಸುವುದೇ ಲೇಸು.

ಕಳೆದ ಮಳೆಗಾಲಕ್ಕೆ ಮೊದಲು ನಿವೃತ್ತ ಮೇಷ್ಟ್ರೊಬ್ಬರು ಮೂರನೆಯ ಮೋಟರಿನ ಡಬ್ಬದೊಂದಿಗೆ ಬಂದರು. ಫ್ಯೂಸ್ ಪದೇ ಪದೇ ಹೋಗುತ್ತಿದ್ದುದರಿಂದ ಯಾರದೋ ಮಾತು ಕೇಳಿ ಅದಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದರು. ಎಡಗಡೆಯ ಸ್ಪಿಂಡಲ್ ಬಿಡಿಸಲು ನನಗೆ ಎರಡು ಗಂಟೆ ಹಿಡಿಯಿತು. ಏನನ್ನೂ ಎಸೆಯದ ಆ ತಲೆಮಾರಿನ ಗುಣಕ್ಕೆ ನಾನು ಋಣಿ, ಏಕೆಂದರೆ ಕಾರಿನ ಮೂಲ ಮೋಟರ್ ಡಿಕ್ಕಿಯ ಗೋಣಿಚೀಲದಲ್ಲೇ ಇತ್ತು. ಮೇಜಿನ ಮೇಲಿಟ್ಟು ತಂತಿ ಕೊಟ್ಟೊಡನೆ ಅದು ಸೊಗಸಾಗಿ ಸುತ್ತಿತು. ಸುಟ್ಟ ವಾಸನೆ ಬರುತ್ತಿದ್ದದ್ದು ಬೆಳ್ಳಿ ಕಾಗದದ ಉಪಕಾರದಿಂದ ಕಾಯಿಲ್ ಕಳೆದುಕೊಂಡಿದ್ದ ಎರಡನೆಯದರಿಂದ. ಹಳೆಯದನ್ನೇ ಮರಳಿ ಕೂರಿಸಿ, ಗಾಜಿಗೆ ಒಂದು ಬಕೆಟ್ ನೀರು ಎರಚಿ, ವೈಪರ್ ಓಡಿಸಿ ತೋರಿಸಿದೆ. ಮೂರನೆಯ ಡಬ್ಬವನ್ನು ಅಂಗಡಿಯವರು ವಾಪಸು ತೆಗೆದುಕೊಂಡರಂತೆ. ಎರಡನೆಯದರ ವಿಷಯವನ್ನು ಮೇಷ್ಟ್ರು ಮನೆಯಲ್ಲಿ ಇನ್ನೂ ಹೇಳಿಲ್ಲ.