ಪರಿಚಿತರ ಹೆಸರಿನಲ್ಲಿ ಬರುವ ವೈರಸ್

ಇಮೇಲ್ ವ್ಯವಸ್ಥೆಯ ಉಸ್ತುವಾರಿ ನೋಡಿಕೊಳ್ಳುವ ನಮ್ಮಂಥವರಿಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ, "ಅಪರಿಚಿತರ ಮೇಲ್ ತೆರೆಯದಿದ್ದರೆ ಸಾಕಲ್ಲವೇ?" ಎಂಬುದು. ಸಾಲದು. ಮೇಲ್ ಮೂಲಕ ಹರಡಿ ಹೆಸರಾದ ವೈರಸ್‌ಗಳು ಜನರನ್ನು ತಲುಪಿದ್ದು ಹೆಚ್ಚಾಗಿ ಸಹೋದ್ಯೋಗಿಗಳ, ಸ್ನೇಹಿತರ, ಬಂಧುಗಳ ಹೆಸರಿನಲ್ಲಿಯೇ.

1999ರ ಮಾರ್ಚ್‌ನಲ್ಲಿ ಕಾಣಿಸಿಕೊಂಡ ಮೆಲಿಸ್ಸಾ, ವರ್ಡ್ ಕಡತವೊಂದರ ಮ್ಯಾಕ್ರೋದೊಳಗೆ (ಕಡತದೊಳಗೇ ಇರುವ ಪುಟ್ಟ ಪ್ರೋಗ್ರಾಂ) ಅಡಗಿತ್ತು. ಕಡತವನ್ನು ತೆರೆದವರ ಔಟ್‌ಲುಕ್ ವಿಳಾಸ ಪಟ್ಟಿಯಿಂದ ಮೊದಲ 50 ವಿಳಾಸಗಳನ್ನು ಆರಿಸಿಕೊಂಡು, ಅವರದೇ ಹೆಸರಿನಲ್ಲಿ, "ನೀವು ಕೇಳಿದ್ದ ದಾಖಲೆ ಇಲ್ಲಿದೆ, ಬೇರೆ ಯಾರಿಗೂ ತೋರಿಸಬೇಡಿ" ಎಂಬ ಅರ್ಥದ ಒಕ್ಕಣೆಯೊಂದಿಗೆ ಅದು ತನ್ನ ಪ್ರತಿಯನ್ನು ಕಳುಹಿಸುತ್ತಿತ್ತು. ಮರುವರ್ಷದ ಮೇ ತಿಂಗಳಲ್ಲಿ ಬಂದ 'ಐ ಲವ್ ಯೂ' ಪಟ್ಟಿಯಲ್ಲಿದ್ದ ಎಲ್ಲರಿಗೂ ಹೋಯಿತು. ಅದರ ಅಟ್ಯಾಚ್‌ಮೆಂಟ್‌ನ ಹೆಸರು 'ಟಿಎಕ್ಸ್‌ಟಿ' ಎಂದು ಮುಗಿದಂತೆ ಕಾಣುತ್ತಿದ್ದರೂ ಅದರಾಚೆ 'ವಿಬಿಎಸ್' ಎಂಬ ಇನ್ನೊಂದು ಬಾಲವಿತ್ತು. ಪರಿಚಿತ ಬಗೆಯ ಕಡತಗಳ ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ಮರೆಮಾಡುತ್ತಿದ್ದುದರಿಂದ ಬಹಳಷ್ಟು ಜನರಿಗೆ ಅದು ಕಾಣಲೇ ಇಲ್ಲ. ಅವರು ಓದುವ ಪತ್ರವೆಂದು ತೆರೆದದ್ದು ಚಾಲನೆಗೊಳ್ಳುವ ಪ್ರೋಗ್ರಾಂ ಆಗಿತ್ತು. ಮರೆಮಾಡುವ ಈ ಏರ್ಪಾಡು ವಿಂಡೋಸ್‌ನಲ್ಲಿ ಇಂದಿಗೂ ಉಳಿದುಕೊಂಡಿದೆ. ಕಡತದ ಪೂರ್ಣ ಹೆಸರು ಕಾಣುವಂತೆ ಸೆಟ್ಟಿಂಗ್ ಬದಲಿಸಿಕೊಳ್ಳುವುದು ಒಂದೇ ನಿಮಿಷದ ಕೆಲಸ. ಅದನ್ನು ಮೊದಲು ಮಾಡಿಕೊಳ್ಳಬೇಕು.

ಕಳುಹಿಸಿದವರ ಹೆಸರನ್ನು ಏಕೆ ನಂಬಲಾಗದು ಎಂಬುದಕ್ಕೆ ಇನ್ನೂ ಹಳೆಯ ಕಾರಣವಿದೆ. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿ 1982ರಲ್ಲಿ ರೂಪುಗೊಂಡಾಗ, ಕಳುಹಿಸುವವನು ತಾನು ಹೇಳಿಕೊಂಡವನೇ ಹೌದೇ ಎಂದು ಪರೀಕ್ಷಿಸುವ ವ್ಯವಸ್ಥೆ ಅದರಲ್ಲಿರಲಿಲ್ಲ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮುಂತಾದ ಪರಿಶೀಲನೆಗಳು ಬಹಳ ತಡವಾಗಿ ಸೇರಿದವು, ಎಲ್ಲ ಡೊಮೈನ್‌ಗಳೂ ಇನ್ನೂ ಅವುಗಳನ್ನು ಬಿಗಿಯಾಗಿ ಪಾಲಿಸುತ್ತಿಲ್ಲ. 2004ರ ಮೈಡೂಮ್ ವೈರಸ್ ಈ ಸಡಿಲನ್ನು ಚೆನ್ನಾಗಿ ಬಳಸಿಕೊಂಡಿತು: ಸೋಂಕಿತ ಕಂಪ್ಯೂಟರಿನ ಕಡತಗಳಲ್ಲಿ ಸಿಕ್ಕ ವಿಳಾಸಗಳನ್ನೆಲ್ಲ ಕೂಡಿಹಾಕಿ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರಿಗೆ ಮೇಲ್ ಕಳುಹಿಸುತ್ತಿತ್ತು. ಆದ್ದರಿಂದ "ನಿಮ್ಮಿಂದ ನನಗೆ ವೈರಸ್ ಬಂತು" ಎಂದು ಸಿಟ್ಟಿನಿಂದ ಉತ್ತರ ಬರೆಯುವವರು ಅನೇಕ ಸಲ ಏನೂ ಅರಿಯದ ಮೂರನೆಯವರನ್ನು ದೂರುತ್ತಿರುತ್ತಾರೆ.

ಆಮೇಲೆ ಬಂದ ಎಮೋಟೆಟ್ ಎಂಬ ವೈರಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಕದ್ದ ಮೇಲ್‌ಪೆಟ್ಟಿಗೆಗಳಿಂದ ಹಳೆಯ ಪತ್ರವ್ಯವಹಾರವನ್ನೇ ತೆಗೆದು, ಅದಕ್ಕೆ ಉತ್ತರವೆಂಬಂತೆ ಸೋಂಕಿನ ಕಡತವನ್ನು ಸೇರಿಸುತ್ತಿತ್ತು. ಕೆಳಗೆ ನೀವೇ ಬರೆದ ಸಾಲುಗಳಿದ್ದಾಗ ಅನುಮಾನ ಹುಟ್ಟುವುದು ಕಷ್ಟ. ಹಲವು ದೇಶಗಳ ಪೊಲೀಸರು ಸೇರಿ 2021ರ ಜನವರಿಯಲ್ಲಿ ಅದರ ಜಾಲವನ್ನು ಕೆಡವಿದರೂ ಅದೇ ವರ್ಷದ ನವೆಂಬರ್‌ನಲ್ಲಿ ಅದು ಮರಳಿತು. ಹೀಗಾಗಿ ಅಟ್ಯಾಚ್‌ಮೆಂಟ್ ಬಂದಾಗ ನಾವು ಕೇಳಿಕೊಳ್ಳಬೇಕಾದದ್ದು "ಇದು ಯಾರಿಂದ ಬಂತು?" ಎಂದಷ್ಟೇ ಅಲ್ಲ, "ಇವರಿಂದ ಇಂಥದ್ದು ಈಗ ಬರಬೇಕಿತ್ತೇ?" ಎಂದು. ಸಂದೇಹ ಬಂದರೆ ಅದೇ ಮೇಲ್‌ಗೆ ಉತ್ತರಿಸಿ ವಿಚಾರಿಸಬಾರದು. ಖಾತೆಯೇ ಕಳ್ಳರ ಕೈಯಲ್ಲಿದ್ದರೆ "ಹೌದು, ನಾನೇ ಕಳುಹಿಸಿದ್ದು" ಎಂದು ಅವರೇ ಉತ್ತರಿಸುತ್ತಾರೆ. ಫೋನ್ ಮಾಡಿ ಕೇಳುವುದು ಒಳ್ಳೆಯದು.

ಅಂತರ್ಜಾಲದಿಂದ ಬಂದ ಆಫೀಸ್ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯತೊಡಗಿದ ಮೇಲೆ ದಾಳಿಕೋರರು ಐಎಸ್‌ಒ (ಇಡೀ ಡಿಸ್ಕ್‌ನ ಪ್ರತಿಯಂತಿರುವ ಕಡತ), ಶಾರ್ಟ್‌ಕಟ್, ಒನ್‌ನೋಟ್ ಕಡತಗಳತ್ತ ಹೊರಳಿದರು. ಇನ್ನೊಂದು ಉಪಾಯವೆಂದರೆ ಪಾಸ್‌ವರ್ಡ್ ಹಾಕಿದ ಜಿಪ್ ಕಡತ. ಪಾಸ್‌ವರ್ಡ್ ಅದೇ ಮೇಲ್‌ನಲ್ಲಿ ಬರೆದಿದ್ದರೆ ಗೋಪ್ಯತೆಗೆ ಅದರಿಂದ ಯಾವ ಲಾಭವೂ ಇಲ್ಲ. ಸರ್ವರ್‌ನ ಆಂಟಿವೈರಸ್ ಒಳಗೆ ಇಣುಕದಂತೆ ಮಾಡುವುದೊಂದೇ ಅದರ ಫಲ. ವಿಷಾದವೆಂದರೆ ಪ್ರಾಮಾಣಿಕ ಕಚೇರಿಗಳೂ ಹೀಗೆಯೇ ಕಡತ ಕಳುಹಿಸಿ, ಜನರಿಗೆ ಈ ಕೆಟ್ಟ ಅಭ್ಯಾಸವನ್ನು ರೂಢಿ ಮಾಡಿಸಿವೆ.

ಇದರಿಂದಾಗಿ, ಮೇಲ್ ತೆರೆಯುವವರ ಎಚ್ಚರಿಕೆಯಷ್ಟೇ ಕಳುಹಿಸುವವರ ಶಿಸ್ತೂ ಮುಖ್ಯವೆಂದು ನಾನು ವಾದಿಸುತ್ತೇನೆ. "ನೋಡಿ" ಎಂಬ ಒಂದೇ ಪದದೊಂದಿಗೆ ಕಡತ ಕಳುಹಿಸುವವರ ಮೇಲ್‌ಗೂ ವೈರಸ್‌ನ ಮೇಲ್‌ಗೂ ಹೊರನೋಟಕ್ಕೆ ವ್ಯತ್ಯಾಸವಿರುವುದಿಲ್ಲ. ಕಡತದಲ್ಲಿ ಏನಿದೆ, ಅದನ್ನು ಯಾವ ಮಾತುಕತೆಯ ಮುಂದುವರಿಕೆಯಾಗಿ ಕಳುಹಿಸಲಾಗಿದೆ ಎಂದು ಎರಡು ಸಾಲು ಬರೆಯಬೇಕು. ನಾಲ್ಕು ಸಾಲಿನ ಸೂಚನೆಯನ್ನು ವರ್ಡ್ ಕಡತವಾಗಿಸದೆ ಮೇಲ್‌ನಲ್ಲಿಯೇ ಬರೆದುಬಿಡಬೇಕು. ಪರಸ್ಪರ ಪರಿಚಯವಿಲ್ಲದ ಅನೇಕರಿಗೆ ಒಟ್ಟಿಗೆ ಬರೆಯುವಾಗ ವಿಳಾಸಗಳನ್ನು ಬಿಸಿಸಿಯಲ್ಲಿ (ಪಡೆದವರಿಗೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗದಲ್ಲಿ) ಇಡಬೇಕು. ಎಲ್ಲರಿಗೂ ಕಾಣುವ ಉದ್ದದ ಪಟ್ಟಿ, ಅವರಲ್ಲಿ ಒಬ್ಬರ ಕಂಪ್ಯೂಟರಿಗೆ ಸೋಂಕು ತಗಲಿದರೂ, ಮೈಡೂಮ್‌ನಂಥ ವೈರಸ್‌ಗೆ ಸಿದ್ಧ ಬೇಟೆಯಾಗುತ್ತದೆ.

ವೈರಸ್ ಬಗೆಗಿನ ಎಚ್ಚರಿಕೆಗಳನ್ನು ಎಲ್ಲರಿಗೂ ಫಾರ್ವರ್ಡ್ ಮಾಡುವ ಉತ್ಸಾಹಕ್ಕೂ ಕಡಿವಾಣ ಬೇಕು. 2002ರಲ್ಲಿ, ಕರಡಿಮರಿಯ ಐಕಾನ್ ಇರುವ ಕಡತವೊಂದು ನಿಮ್ಮ ಕಂಪ್ಯೂಟರಿನಲ್ಲಿದ್ದರೆ ಅದು ವೈರಸ್, ಕೂಡಲೇ ಅಳಿಸಿ, ನಿಮ್ಮ ಪಟ್ಟಿಯಲ್ಲಿರುವ ಎಲ್ಲರಿಗೂ ತಿಳಿಸಿ ಎಂಬ ಮೇಲ್ ಲೋಕವನ್ನೆಲ್ಲ ಸುತ್ತಿತು. ಆ ಕಡತ ವಿಂಡೋಸ್‌ಗೇ ಸೇರಿದ, ಜಾವಾ ಪ್ರೋಗ್ರಾಂಗಳನ್ನು ಪರೀಕ್ಷಿಸಲು ನೆರವಾಗುವ ನಿರುಪದ್ರವಿ ಕಡತವಾಗಿತ್ತು. ಅಲ್ಲಿ ವೈರಸ್‌ನ ಕೆಲಸವನ್ನೆಲ್ಲ, ಕಡತ ಅಳಿಸುವುದರಿಂದ ಹಿಡಿದು ಪ್ರತಿ ಹಂಚುವವರೆಗೆ, ಮನುಷ್ಯರೇ ಒಳ್ಳೆಯ ಮನಸ್ಸಿನಿಂದ ಮಾಡಿಕೊಟ್ಟರು.

ತೆರೆಯಬಾರದ ಕಡತವನ್ನು ತೆರೆದೇಬಿಟ್ಟಿದ್ದರೆ, ಮೊದಲು ಕಂಪ್ಯೂಟರನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಿ ಉಸ್ತುವಾರಿಯವರಿಗೆ ತಿಳಿಸಬೇಕು, ಬಳಿಕ ಬೇರೊಂದು ಸಾಧನದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಬೇಕು. ಸಂಕೋಚದಿಂದ ಸುಮ್ಮನಿರುವಷ್ಟು ಹೊತ್ತೂ ನಿಮ್ಮ ಹೆಸರಿನಲ್ಲಿ ಮೇಲ್‌ಗಳು ಹೋಗುತ್ತಿರಬಹುದು. ಹಾಗೆಯೇ, ಬಂದ ಮೇಲನ್ನು ಗಾಬರಿಯಿಂದ ಅಳಿಸಬಾರದು: ಅದು ಯಾವ ಸರ್ವರ್‌ನಿಂದ ಹೊರಟಿತೆಂಬ ವಿವರ ಅದರ ಹೆಡರ್‌ನಲ್ಲಿ, ಎಂದರೆ ಸಾಮಾನ್ಯವಾಗಿ ಕಣ್ಣಿಗೆ ಬೀಳದ ತಲೆಭಾಗದಲ್ಲಿ, ಇರುತ್ತದೆ, ಮತ್ತು ಅದೇ ಮೇಲ್ ಇನ್ನೂ ಯಾರ ಪೆಟ್ಟಿಗೆಯಲ್ಲಿ ತೆರೆಯದೆ ಕುಳಿತಿದೆಯೆಂದು ಹುಡುಕಿ ತೆಗೆಯಲು ನಮಗೆ ಬೇಕಾಗುವುದು ಆ ವಿವರವೇ.