ಜಲಯುದ್ಧ: ನೀರು ಕಾರಣವೋ, ಆಯುಧವೋ, ಬಲಿಯೋ?

2025ರ ಏಪ್ರಿಲ್ 23ರಂದು, ಪಹಲ್ಗಾಮ್ ದಾಳಿಯ ಮಾರನೆಯ ದಿನ, ಭಾರತ ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಅವತ್ತಿನಿಂದ ‘ಜಲಯುದ್ಧ’ ಎಂಬ ಪದಕ್ಕೆ ಬಿಡುವೇ ಇಲ್ಲ. ಸಿಂಧೂ ನದಿಯದೂ ಜಲಯುದ್ಧ, ಇಥಿಯೋಪಿಯಾದ ನೈಲ್ ಅಣೆಕಟ್ಟಿನದೂ ಜಲಯುದ್ಧ, ಸಿರಿಯಾದ ಅಂತರ್ಯುದ್ಧವೂ ಜಲಯುದ್ಧ. ಕಾವೇರಿಗಂತೂ ಮಳೆ ಕೈಕೊಟ್ಟ ವರ್ಷವೆಲ್ಲ ಜಲಯುದ್ಧ. ಕೊನೆಗೆ, ಇದಕ್ಕೆಲ್ಲ ಹವಾಮಾನ ಬದಲಾವಣೆಯೇ ಮೂಲ ಎಂಬ ಒಂದು ಸಾಲು. ಈ ನಾಲ್ಕು ಕಡೆ ನೀರಿನ ಪಾತ್ರ ಬೇರೆ ಬೇರೆ, ಹೊಣೆ ಹೊರಬೇಕಾದವರೂ ಬೇರೆ ಬೇರೆ. ಎಲ್ಲಕ್ಕೂ ಒಂದೇ ಹೆಸರಿಟ್ಟರೆ ಹೊಣೆ ಯಾರದೆಂದು ಕೇಳುವುದೇ ನಿಂತುಹೋಗುತ್ತದೆ.

ಮೊದಲು ‘ಯುದ್ಧ’ದ ಮಾತು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯ ಜಗತ್ತಿನ ಸಂಘರ್ಷಗಳ ಲೆಕ್ಕ ಇಡುತ್ತದೆ. ಸಂಶೋಧಕರು ಹೆಚ್ಚಾಗಿ ಬಳಸುವುದು ಅದರ ಅಳತೆಯನ್ನೇ. ಎರಡು ಸಂಘಟಿತ ಪಕ್ಷಗಳು, ಅವುಗಳಲ್ಲಿ ಕನಿಷ್ಠ ಒಂದು ಸರ್ಕಾರ, ಕಾದಾಟದಲ್ಲಿ ವರ್ಷಕ್ಕೆ ಕನಿಷ್ಠ 25 ಸಾವು: ಇಷ್ಟಿದ್ದರೆ ಸಶಸ್ತ್ರ ಸಂಘರ್ಷ. ಸಾವು 1,000 ಮುಟ್ಟಿದರೆ ಯುದ್ಧ. ಈ ಅಳತೆಯಲ್ಲಿ ನೋಡಿದರೆ ಕಾವೇರಿಯದು ಜಲವಿವಾದ. ನ್ಯಾಯಮಂಡಳಿಯ ಮಧ್ಯಂತರ ಆದೇಶದ ಬೆನ್ನಿಗೆ 1991ರ ಡಿಸೆಂಬರ್‌ನಲ್ಲಿ ಬೆಂಗಳೂರು, ಮೈಸೂರು ಕಡೆ ನಡೆದದ್ದು, 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಉರಿದದ್ದು ಗಲಭೆ. ಆ ಗಲಭೆಗಳಲ್ಲಿ ಜೀವಗಳು ಹೋಗಿವೆ, ಮನೆ ಅಂಗಡಿಗಳು ಸುಟ್ಟಿವೆ, ಅದು ಸಣ್ಣ ಮಾತಲ್ಲ. ಆದರೆ ಎರಡೂ ಸರ್ಕಾರಗಳು ಕಾದಾಡಿದ್ದು ನ್ಯಾಯಮಂಡಳಿಯಲ್ಲಿ, ಸುಪ್ರೀಂ ಕೋರ್ಟಿನಲ್ಲಿ. ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಎಂದು 2018ರ ಫೆಬ್ರುವರಿ 16ರಂದು ತೀರ್ಮಾನವಾದದ್ದೂ ಅಲ್ಲಿಯೇ. ಗಲಭೆಯನ್ನು ಯುದ್ಧ ಎಂದು ಕರೆದರೆ ಕಲ್ಲು ಹೊಡೆದವನು ಸೈನಿಕನಾಗಿಬಿಡುತ್ತಾನೆ, ಪಕ್ಕದ ಬೀದಿಯ ತಮಿಳು ಅಂಗಡಿಯವರು ಶತ್ರುಗಳಾಗಿಬಿಡುತ್ತಾರೆ. ಬೊಲಿವಿಯಾದ ಕೊಚಬಾಂಬಾ ನಗರದಲ್ಲಿ 2000ದಲ್ಲಿ ನಡೆದ ಹೋರಾಟಕ್ಕೆ ಅಲ್ಲಿನವರೇ ‘ನೀರಿನ ಯುದ್ಧ’ ಎಂದು ಹೆಸರಿಟ್ಟುಕೊಂಡರು. ಅದು ನೀರು ಪೂರೈಕೆಯನ್ನು ಖಾಸಗಿ ಕಂಪನಿಗೆ ಕೊಟ್ಟು ದರ ಏರಿಸಿದ್ದಕ್ಕೆ ಎದ್ದ ಜನಾಂದೋಲನ. ಬರಕ್ಕೂ ಅದಕ್ಕೂ ಸಂಬಂಧ ಕಡಿಮೆ.

ಇನ್ನು ನೀರಿನ ಪಾತ್ರ. ಅಮೆರಿಕದ ಪೆಸಿಫಿಕ್ ಇನ್‌ಸ್ಟಿಟ್ಯೂಟ್ ನೀರಿಗೆ ಸಂಬಂಧಿಸಿದ ಹಿಂಸಾಚಾರಗಳ ಕಾಲಾನುಕ್ರಮ ಪಟ್ಟಿಯನ್ನು ವರ್ಷಗಳಿಂದ ಬೆಳೆಸುತ್ತಾ ಬಂದಿದೆ. ಅದರಲ್ಲಿ ಪ್ರತಿ ಘಟನೆಯನ್ನೂ ಮೂರು ಬಗೆಯಾಗಿ ವಿಂಗಡಿಸುತ್ತಾರೆ: ನೀರು ಜಗಳದ ಕಿಡಿಯಾಯಿತೇ, ಜಗಳದಲ್ಲಿ ಆಯುಧವಾಯಿತೇ, ಅಥವಾ ಜಗಳಕ್ಕೆ ಬಲಿಯಾಯಿತೇ? ಒಂದೇ ಘಟನೆ ಎರಡು ಬಗೆಗೂ ಸೇರಬಹುದು. ಸುದ್ದಿಯಲ್ಲಿ ‘ಜಲಯುದ್ಧ’ ಎಂದು ಬರುವುದರಲ್ಲಿ ಬಹುಪಾಲು ಎರಡನೆಯದು, ಮೂರನೆಯದು. ಆದರೆ ಓದುವವರ ತಲೆಯಲ್ಲಿ ಉಳಿಯುವುದು ಮೊದಲನೆಯದು. ಎಲ್ಲ ಗೊಂದಲದ ಬೇರು ಇಲ್ಲಿದೆ.

ಸಿಂಧೂ ಒಪ್ಪಂದವನ್ನೇ ತೆಗೆದುಕೊಳ್ಳಿ. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ಸಹಿ ಹಾಕಿದ ಆ ಒಪ್ಪಂದ 1965, 1971, 1999ರ ಯುದ್ಧಗಳನ್ನು ದಾಟಿ ಉಳಿಯಿತು. 2025ರಲ್ಲಿ ಅದನ್ನು ಅಮಾನತಿನಲ್ಲಿಡಲು ಕಾರಣ ಭಯೋತ್ಪಾದಕ ದಾಳಿ. ನೀರಿಗಾಗಿ ಯಾರೂ ಜಗಳ ತೆಗೆಯಲಿಲ್ಲ. ಬೇರೆ ಜಗಳದಲ್ಲಿ ನೀರು ಒತ್ತಡದ ಸಾಧನವಾಯಿತು.

ಸಿರಿಯಾದ ಈಶಾನ್ಯದ ಅಲೂಕ್ ಪಂಪಿಂಗ್ ಸ್ಟೇಷನ್ ಇದಕ್ಕಿಂತ ಸ್ಪಷ್ಟ ಉದಾಹರಣೆ. ಹಸಕಾ ನಗರ ಮತ್ತು ಸುತ್ತಲಿನ ಶಿಬಿರಗಳ ಸುಮಾರು 4.6 ಲಕ್ಷ ಜನರಿಗೆ ಕುಡಿಯುವ ನೀರು ಬರುತ್ತಿದ್ದದ್ದು ಅಲ್ಲಿಂದ. 2019ರ ಅಕ್ಟೋಬರ್‌ನಲ್ಲಿ ಪಂಪುಗಳು ಟರ್ಕಿ ಮತ್ತು ಅದರ ಬೆಂಬಲಿಗರ ವಶಕ್ಕೆ ಹೋದವು. ಪಂಪಿಗೆ ಬೇಕಾದ ಕರೆಂಟು ಬರುವ ಸಬ್‌ಸ್ಟೇಷನ್ ಮಾತ್ರ ಕುರ್ದಿಶ್ ನೇತೃತ್ವದ ಪಡೆಗಳ ಕಡೆಯೇ ಉಳಿಯಿತು. ನೀರು ನಿಲ್ಲಿಸಿದಿರಿ ಎಂದು ಇವರು, ಕರೆಂಟು ತೆಗೆದಿರಿ ಎಂದು ಅವರು. ನಡುವೆ ಜನ ಟ್ಯಾಂಕರ್ ನೀರು ಕೊಂಡು ಕುಡಿಯಬೇಕಾಯಿತು. ಇರಾಕಿನಲ್ಲಿ ಐಸಿಸ್ 2014ರ ಏಪ್ರಿಲ್‌ನಲ್ಲಿ ಫಲೂಜಾ ಬ್ಯಾರೇಜಿನ ಗೇಟು ಮುಚ್ಚಿದಾಗ ಮೇಲ್ಭಾಗದ ಹೊಲಗಳು ಮುಳುಗಿದವು, ಕೆಳಭಾಗಕ್ಕೆ ನೀರಿಲ್ಲದಾಯಿತು. 2015ರಲ್ಲಿ ರಮಾದಿಯಲ್ಲೂ ಹಾಗೆಯೇ ಗೇಟು ಮುಚ್ಚಿದರು. ಅಲ್ಲಿ ಯೂಫ್ರೆಟಿಸ್ ಇಳಿದು, ಐಸಿಸ್ ಹೋರಾಟಗಾರರು ನದಿ ದಾಟಿ ಬಂದಾರು ಎಂಬ ಭಯ ಹುಟ್ಟಿತು. ಯುಕ್ರೇನಿನ ಕಖೋವ್ಕಾ ಅಣೆಕಟ್ಟು 2023ರ ಜೂನ್ 6ರಂದು ಒಡೆದಾಗ ಆದದ್ದು ಮೂರನೆಯ ಬಗೆಗೂ ಸೇರುತ್ತದೆ: ಪ್ರವಾಹ ಕೆಳಗಿನ ಊರುಗಳನ್ನು ನುಂಗಿತು, ಜಲಾಶಯ ಖಾಲಿಯಾಗಿ ದಕ್ಷಿಣದ ನೀರಾವರಿ ಕಾಲುವೆಗಳು ಒಣಗಿದವು. ಇವುಗಳಲ್ಲಿ ಯಾವುದನ್ನೂ ಬರ ಮಾಡಲಿಲ್ಲ. ಗೇಟಿನ ಮೇಲೆ, ಸ್ವಿಚ್ಚಿನ ಮೇಲೆ ಮನುಷ್ಯರ ಕೈ ಇತ್ತು.

ಹಾಗಾದರೆ ನೀರೇ ಕಿಡಿಯಾದದ್ದು ಎಲ್ಲಿ? ದೇಶ-ದೇಶಗಳ ನಡುವೆ ಇದು ಬಲು ಅಪರೂಪ. ಸುಮಾರು 4,500 ವರ್ಷಗಳ ಹಿಂದೆ ಮೆಸೊಪೊಟೇಮಿಯಾದ ಲಗಾಶ್ ಮತ್ತು ಉಮ್ಮಾ ಎಂಬ ನಗರರಾಜ್ಯಗಳು ಗಡಿಯ ಫಲವತ್ತಾದ ಬಯಲು ಮತ್ತು ಕಾಲುವೆ ನೀರಿಗಾಗಿ ತಲೆಮಾರುಗಟ್ಟಲೆ ಹೊಡೆದಾಡಿದವು. ಲಗಾಶದ ಗೆಲುವಿನ ಶಿಲಾಫಲಕದ ಚೂರುಗಳು ಇಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿವೆ. ನೇರವಾಗಿ ನೀರಿಗಾಗಿ ನಡೆದ ಯುದ್ಧ ಎಂದು ಒರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಆರನ್ ವುಲ್ಫ್ ಒಪ್ಪಿದ್ದು ಅದೊಂದನ್ನೇ. 1948ರಿಂದ 1999ರವರೆಗೆ ಗಡಿ ದಾಟುವ ನದಿಗಳ ವಿಚಾರದಲ್ಲಿ ದೇಶಗಳ ನಡುವೆ ನಡೆದ 1,831 ಘಟನೆಗಳನ್ನು ಅವರ ತಂಡ ಕಲೆಹಾಕಿತು. 1,228 ಸಹಕಾರದ್ದು, 507 ತಕರಾರಿನದ್ದು, ಉಳಿದವು ಎರಡೂ ಅಲ್ಲದ್ದು. ತಕರಾರುಗಳಲ್ಲಿ ಬಹುಪಾಲು ಬರೀ ಮಾತಿನದು. ಹಿಂಸೆಯ ಮಟ್ಟಕ್ಕೆ ಹೋದದ್ದು 37, ಅದರಲ್ಲಿ 30 ಇಸ್ರೇಲ್ ಮತ್ತು ಅದರ ನೆರೆಯವರ ನಡುವಿನದು. ಜೋರ್ಡಾನ್ ನದಿಯ ಮೂಲಗಳನ್ನು ತಿರುಗಿಸುವ ಸಿರಿಯಾದ ಕಾಮಗಾರಿಯ ಮೇಲೆ 1965-66ರಲ್ಲಿ ಇಸ್ರೇಲ್ ದಾಳಿ ಮಾಡಿದ್ದು ಅಂಥದ್ದು. ‘ಮುಂದಿನ ಯುದ್ಧ ನೀರಿಗಾಗಿ’ ಎಂಬ ಭವಿಷ್ಯವಾಣಿ 1980ರ ದಶಕದಿಂದಲೂ ಕೇಳಿಬರುತ್ತಿದೆ. ಪುಸ್ತಕದ ಮುನ್ನುಡಿಗಳಲ್ಲಿ, ಭಾಷಣಗಳಲ್ಲಿ ಅದು ಬೆಳೆದಷ್ಟು ನೆಲದ ಮೇಲೆ ಬೆಳೆದಿಲ್ಲ.

ದೇಶದೊಳಗಿನ ಸಂಘರ್ಷಕ್ಕೆ ಬಂದರೆ ಎಲ್ಲರೂ ಕೊಡುವ ಉದಾಹರಣೆ ಸಿರಿಯಾ: ಬರ ಬಂತು, 15 ಲಕ್ಷ ರೈತರು ಗುಳೆ ಹೋದರು, ಪಟ್ಟಣಗಳು ಉಸಿರುಗಟ್ಟಿದವು, ಜನ ದಂಗೆ ಎದ್ದರು. ಒಂದೇ ಉಸಿರಿನಲ್ಲಿ ಹೇಳಿಬಿಡುವ ಈ ಕಥೆಯನ್ನು ಕೊಂಡಿ ಕೊಂಡಿಯಾಗಿ ಬಿಡಿಸಿ ನೋಡಬೇಕು.

ಮೊದಲ ಕೊಂಡಿ, ಹವಾಮಾನ ಬದಲಾವಣೆಯಿಂದ ಬರ. ಇದು ಸಾಕಷ್ಟು ಗಟ್ಟಿ. ಅಂಥ ತೀವ್ರ ಬರದ ಸಾಧ್ಯತೆಯನ್ನು ಮನುಷ್ಯನಿಂದಾದ ಬಿಸಿಯೇರಿಕೆ ಎರಡರಿಂದ ಮೂರು ಪಟ್ಟು ಹೆಚ್ಚಿಸಿತ್ತು ಎಂದು 2015ರಲ್ಲಿ ಕಾಲಿನ್ ಕೆಲ್ಲಿ ಮತ್ತು ಸಂಗಡಿಗರು ತೋರಿಸಿದರು. ಎರಡನೆಯದು, ಬರದಿಂದ ಬೆಳೆನಾಶ. ಇದೂ ನಿಜ, ಆದರೆ ಅರ್ಧ. ಈಶಾನ್ಯದ ಜಝೀರಾ ಬಯಲಿನಲ್ಲಿ ಸರ್ಕಾರವೇ ದಶಕಗಳ ಕಾಲ ಗೋಧಿ, ಹತ್ತಿಗೆ ನೀರಾವರಿ ಮಾಡಿಸಿತ್ತು. ಬಾವಿ ತೋಡಿ ತೋಡಿ ಅಂತರ್ಜಲ ಇಳಿದಿತ್ತು, ಖಾಬೂರ್ ನದಿಗೆ ನೀರುಣಿಸುತ್ತಿದ್ದ ರಾಸ್ ಅಲ್ ಐನ್ ಒರತೆಗಳು ಬರಕ್ಕೆ ಮೊದಲೇ ಬತ್ತಿದ್ದವು. ಬರ 2007-08ರಲ್ಲಿ ಅತಿ ಕೆಟ್ಟದಾಗಿದ್ದಾಗ, 2008ರ ಮೇ ತಿಂಗಳಲ್ಲಿ, ಡೀಸೆಲ್ ಸಬ್ಸಿಡಿ ಕಡಿದರು. ಲೀಟರಿಗೆ 7 ಲಿರಾ ಇದ್ದದ್ದು ರಾತ್ರೋರಾತ್ರಿ 25 ಆಯಿತು. ಆಳದ ನೀರನ್ನು ಡೀಸೆಲ್ ಪಂಪಿನಿಂದ ಎತ್ತುವ ರೈತನಿಗೆ ಇದು ಎರಡನೆಯ ಬರ. ಮರುವರ್ಷ ಗೊಬ್ಬರದ ಸಬ್ಸಿಡಿಯೂ ಹೋಯಿತು. ಮಳೆ ಮಾತ್ರ ಕೈಕೊಟ್ಟಿದ್ದರೆ ತಡೆದುಕೊಳ್ಳುತ್ತಿದ್ದ ಎಷ್ಟೋ ಕುಟುಂಬಗಳು ಈ ಬೆಲೆಗೆ ಕುಸಿದವು.

ಮೂರನೆಯದು ಗುಳೆ. 15 ಲಕ್ಷದ ಅಂಕಿ ಇಲ್ಲಿ ಅಲುಗಾಡುತ್ತದೆ. ಬರದಿಂದ ‘ಬಾಧಿತರು’ 13 ಲಕ್ಷ ಎಂಬ ಆ ಕಾಲದ ಅಂದಾಜು ಊರು ಬಿಟ್ಟವರ ಲೆಕ್ಕವಲ್ಲ. ಊರು ಬಿಟ್ಟವರು ಸುಮಾರು 40ರಿಂದ 60 ಸಾವಿರ ಕುಟುಂಬಗಳು ಎಂದು 2017ರಲ್ಲಿ ಯಾನ್ ಸೆಲ್ಬಿ ಮತ್ತು ಸಂಗಡಿಗರು ದಾಖಲೆಗಳನ್ನು ಮತ್ತೆ ಜಾಲಾಡಿ ತೋರಿಸಿದರು. ಆ ವರ್ಷಗಳಲ್ಲಿ ಸಿರಿಯಾದ ನಗರಗಳಿಗೆ ಇರಾಕ್ ಯುದ್ಧದ ನಿರಾಶ್ರಿತರೂ ಲಕ್ಷಗಟ್ಟಲೆ ಬಂದಿದ್ದರು, ಅವರನ್ನು ಈ ಕಥೆ ಮರೆಯುತ್ತದೆ. ನಾಲ್ಕನೆಯ ಕೊಂಡಿ, ಗುಳೆ ಬಂದವರೇ ಎದ್ದರು ಎಂಬುದು. ಬರ ಬಡಿದದ್ದು ಈಶಾನ್ಯದ ತುದಿಯ ಹಸಕಾ ಪ್ರಾಂತ್ಯಕ್ಕೆ, 2011ರ ಮಾರ್ಚ್‌ನಲ್ಲಿ ಪ್ರತಿಭಟನೆ ಹೊತ್ತಿಕೊಂಡದ್ದು ನೈಋತ್ಯದ ತುದಿಯ ದರಾದಲ್ಲಿ. ಅಲ್ಲಿ ಗೋಡೆ ಬರಹಕ್ಕಾಗಿ ಹುಡುಗರನ್ನು ಹಿಡಿದು ಹಿಂಸಿಸಿದ್ದರು. ಜನ ಕೇಳಿದ್ದು ಮಕ್ಕಳ ಬಿಡುಗಡೆ, ತುರ್ತುಸ್ಥಿತಿಯ ಅಂತ್ಯ, ಭ್ರಷ್ಟರಿಗೆ ಶಿಕ್ಷೆ. ಐದನೆಯದು, ಪ್ರತಿಭಟನೆ ಯುದ್ಧವಾದದ್ದು. ಅದಕ್ಕೆ ಸರ್ಕಾರ ಹಾರಿಸಿದ ಗುಂಡು ಸಾಕಾಗಿತ್ತು.

ಒಂದು ಸರಳ ಲೆಕ್ಕ ಹಾಕಿ. ಐದು ಕೊಂಡಿಗಳೂ ಒಂದಕ್ಕೊಂದು ಸ್ವತಂತ್ರ, ಪ್ರತಿಯೊಂದೂ ನಿಜವಾಗಿರುವ ಸಾಧ್ಯತೆ ಶೇ 70 ಎಂದುಕೊಂಡರೂ ಇಡೀ ಸರಪಳಿ ನಿಜವಾಗುವ ಸಾಧ್ಯತೆ ಶೇ 17 ಮಾತ್ರ. ಸುದ್ದಿಯ ಶೀರ್ಷಿಕೆ ಮೊದಲ ಕೊಂಡಿಯನ್ನೂ ಕೊನೆಯ ಕೊಂಡಿಯನ್ನೂ ನೇರವಾಗಿ ಗಂಟು ಹಾಕುತ್ತದೆ. ಲಾಭವಾಗುವುದು ಡಮಾಸ್ಕಸ್‌ನಲ್ಲಿ ಕುಳಿತಿದ್ದವರಿಗೆ.

ನೀರು ಕಡಿಮೆಯಾದರೆ ಹಿಂಸೆ ಹೆಚ್ಚುತ್ತದೆ ಎಂಬ ಊಹೆಯೇ ಎಲ್ಲ ಕಡೆ ನಿಲ್ಲುವುದಿಲ್ಲ. ಉತ್ತರ ಕೀನ್ಯಾದ ಮಾರ್ಸಾಬಿಟ್ ಪ್ರದೇಶದಲ್ಲಿ ಬೊರಾನಾ, ಗಬ್ರಾ, ರೆಂಡಿಲೆ ಪಶುಪಾಲಕರ ನಡುವೆ ದನ ಹೊಡೆದುಕೊಂಡು ಹೋಗುವ ದಾಳಿಗಳು ಹಳೆಯವು. ವಾರಿಯೊ ಅಡಾನೊ ಮತ್ತು ಕರೆನ್ ವಿಟ್ಸೆನ್‌ಬರ್ಗ್ ಹಲವು ದಶಕಗಳ ಸಾವುಗಳನ್ನು ಮಳೆಯ ಜೊತೆ ಹೋಲಿಸಿದಾಗ, ಬರದ ವರ್ಷಗಳಿಗಿಂತ ಒಳ್ಳೆಯ ಮಳೆಯ ವರ್ಷಗಳಲ್ಲಿ ಎರಡು ಪಟ್ಟಿಗೂ ಹೆಚ್ಚು ಜನ ಸತ್ತಿದ್ದರು. ದನ ಕಟ್ಟಿದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ದನಕ್ಕೆ ದೂರ ನಡೆಯುವ ಕಸುವಿರುತ್ತದೆ, ದಾಳಿಕೋರರು ಅಡಗಲು ಪೊದೆ ಬೆಳೆದಿರುತ್ತದೆ, ದಾರಿಯುದ್ದಕ್ಕೂ ಕುಡಿಯಲು ನೀರು ಸಿಗುತ್ತದೆ. ಬರದಲ್ಲಿ ಬಡಕಲು ದನ ಕದ್ದು ಏನು ಮಾಡುವುದು? ಆಗ ಪಕ್ಕದವರ ಬಾವಿಯೇ ಗತಿ, ಬಾವಿ ಬೇಕೆಂದರೆ ಹಿರಿಯರು ಕೂತು ರಾಜಿಯಾಗಬೇಕು.

ಹಾಗೆಂದು ಹವಾಮಾನಕ್ಕೂ ಸಂಘರ್ಷಕ್ಕೂ ಸಂಬಂಧವೇ ಇಲ್ಲ ಎನ್ನುವುದು ಇನ್ನೊಂದು ತಪ್ಪು. ಕಳೆದ ಶತಮಾನದ ಸಂಘರ್ಷದ ಅಪಾಯದಲ್ಲಿ ಶೇ 3ರಿಂದ 20ರಷ್ಟರ ಮೇಲೆ ಹವಾಮಾನದ ಪ್ರಭಾವವಿತ್ತು ಎಂಬುದು, ಒಬ್ಬರನ್ನೊಬ್ಬರು ಒಪ್ಪದ ತಜ್ಞರನ್ನೇ ಸೇರಿಸಿ ಕ್ಯಾಥರೀನ್ ಮಾಕ್ 2019ರಲ್ಲಿ ಪ್ರಕಟಿಸಿದ ಅಂದಾಜು. ಬಡತನ, ಕೈಲಾಗದ ಸರ್ಕಾರ, ಸಮುದಾಯಗಳ ನಡುವಿನ ಅಸಮಾನತೆ ಅದಕ್ಕಿಂತ ಮೇಲೆ ನಿಲ್ಲುತ್ತವೆ. ಬೆಳೆಯ ಕಾಲದಲ್ಲೇ ಬರ ಬಿದ್ದರೆ ಎಲ್ಲಿ ಹಿಂಸೆ ಬೆಳೆಯುತ್ತದೆ ಎಂಬುದನ್ನೂ 1989ರಿಂದ 2014ರವರೆಗಿನ ಏಷ್ಯಾ, ಆಫ್ರಿಕಾದ ಮಾಹಿತಿಯಿಂದ ನೋಡಿದ್ದಾರೆ: ಕಡುಬಡ ದೇಶಗಳಲ್ಲಿ, ಬೇಸಾಯವನ್ನೇ ನೆಚ್ಚಿದ, ಅಧಿಕಾರದಿಂದ ಹೊರಗಿಟ್ಟ ಸಮುದಾಯಗಳಲ್ಲಿ. ಆಗಲೇ ನಡೆಯುತ್ತಿರುವ ಹಿಂಸೆ ಅಲ್ಲಿ ನಿಲ್ಲದೆ ಮುಂದುವರಿಯುತ್ತದೆ. ಹವಾಮಾನ ಬದಲಾವಣೆಗೆ ಹಚ್ಚುವ ‘ಅಪಾಯವರ್ಧಕ’ ಎಂಬ ಪದ ಇಲ್ಲಿಗೆ ಸರಿ. ವರ್ಧಿಸಲು ಮೊದಲೇ ಏನೋ ಇರಬೇಕು, ಅದು ಏನೆಂದು ಬರೆಯದೆ ಈ ಪದವನ್ನೂ ಬಳಸಬಾರದು.

ಮುಂದಿನ ಸಲ ‘ಜಲಯುದ್ಧ’ ಎಂದು ಓದಿದಾಗ ಕೇಳಬೇಕಾದದ್ದು: ಬರ ಬಿದ್ದದ್ದು ಎಲ್ಲಿ, ಮೊದಲ ಗುಂಡು ಹಾರಿದ್ದು ಎಲ್ಲಿ? ಎರಡರ ನಡುವೆ ಎಷ್ಟು ವರ್ಷ? ಅದೇ ಬರ ಕಂಡ ನೆರೆಯವರು ಯಾಕೆ ಹೊಡೆದಾಡಲಿಲ್ಲ? ಬಂದೂಕು ಕೊಟ್ಟವರು ಯಾರು? ಸುಡಾನಿನ ಪಶ್ಚಿಮ ಪ್ರದೇಶವಾದ ಡಾರ್‌ಫರ್‌ಗೆ ಇದನ್ನು ಹಚ್ಚಿ ನೋಡಿ. ಅಲ್ಲಿನ ಹಿಂಸೆಗೆ ಹವಾಮಾನ ಬದಲಾವಣೆಯೂ ಒಂದು ಮೂಲ ಎಂದು 2007ರಲ್ಲಿ ವಿಶ್ವಸಂಸ್ಥೆಯ ಆಗಿನ ಮಹಾಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಬರೆದಿದ್ದರು. ಮಳೆ ಕುಸಿದದ್ದು 1970ರ ದಶಕದ ಆರಂಭದ ಹೊತ್ತಿಗೇ, ಯುದ್ಧ ಶುರುವಾದದ್ದು 2003ರಲ್ಲಿ. ಮಳೆ ಕುಸಿದ ಹೊತ್ತಿನಲ್ಲೇ, 1971ರಲ್ಲಿ, ಮೇವು ಮತ್ತು ಹೊಲದ ತಂಟೆಗಳನ್ನು ತೀರಿಸುತ್ತಿದ್ದ ಸಾಂಪ್ರದಾಯಿಕ ಮುಖಂಡರ ಆಡಳಿತವನ್ನು ರಾಜಧಾನಿ ಖಾರ್ಟೂಮ್‌ನ ಸರ್ಕಾರ ರದ್ದು ಮಾಡಿತ್ತು. ಕೊನೆಗೆ ಅದೇ ಖಾರ್ಟೂಮ್ ಜಂಜಾವೀದ್ ಪಡೆಗಳಿಗೆ ಬಂದೂಕು ಕೊಟ್ಟಿತು. ಆ ಪಡೆಗಳಿಂದಲೇ ಬೆಳೆದ ಆರ್‌ಎಸ್‌ಎಫ್ ಎಂಬ ಅರೆಸೇನಾಪಡೆ 2024ರ ಮೇ ತಿಂಗಳಲ್ಲಿ ಎಲ್ ಫಾಶರ್ ನಗರಕ್ಕೆ ನೀರು ಕೊಡುವ ಗೋಲೋ ಜಲಾಶಯವನ್ನು ವಶಪಡಿಸಿಕೊಂಡಾಗ ಸುಮಾರು 2.7 ಲಕ್ಷ ಜನರ ಕುಡಿಯುವ ನೀರಿಗೆ ಕುತ್ತು ಬಂತು. ಈ ಘಟನೆಯನ್ನು ಮೂರು ಬಗೆಗಳಲ್ಲಿ ಎರಡನೆಯದಕ್ಕೇ ಬರೆದುಕೊಳ್ಳಬೇಕು.