ಒಂದನ್ನೊಂದು ದೂಡುವ ಕಣಗಳು ಹರಳಾಗುವುದು ಹೇಗೆ?

ಪ್ರಶ್ನೆ: ಧೂಳಿನ ಪ್ಲಾಸ್ಮಾದಲ್ಲಿ ಎಲ್ಲ ಕಣಗಳಿಗೂ ಋಣ ಚಾರ್ಜ್ ಇರುತ್ತದಂತೆ. ಹಾಗಾದರೆ ಅವು ಚದುರಿ ಹೋಗಬೇಕಲ್ವಾ? ಹರಳು ಹೇಗೆ ಆಗುತ್ತದೆ?
– ಬಿಎಸ್ಸಿ ವಿದ್ಯಾರ್ಥಿನಿ, ಬದಿಯಡ್ಕ

ಜಾಗ ಇದ್ದಿದ್ದರೆ ಖಂಡಿತ ಚದುರುತ್ತಿದ್ದವು. ಜಾಗ ಇಲ್ಲ, ವಿಷಯ ಅಷ್ಟೇ.

ಗಾಳಿ ತೆಗೆದ ಪೆಟ್ಟಿಗೆಗೆ ಸ್ವಲ್ಪವೇ ಆರ್ಗಾನ್ ಅನಿಲ ಬಿಟ್ಟು, ವಿದ್ಯುತ್ ಹರಿಸಿ ಪ್ಲಾಸ್ಮಾ ಮಾಡುತ್ತಾರೆ. ಅಂದರೆ ಅನಿಲದ ಒಂದು ಪಾಲು ಎಲೆಕ್ಟ್ರಾನು ಮತ್ತು ಧನ ಚಾರ್ಜಿನ ಅಯಾನುಗಳಾಗಿ ಒಡೆದಿರುತ್ತದೆ. ಅದರೊಳಗೆ ಕೆಲವೇ ಮೈಕ್ರಾನ್ ಅಗಲದ ಪ್ಲಾಸ್ಟಿಕ್ ಗುಂಡುಗಳನ್ನು ಉದುರಿಸುತ್ತಾರೆ. ಧೂಳು ಅಂದರೆ ಇವೇ. ಎಲೆಕ್ಟ್ರಾನುಗಳು ಅಯಾನುಗಳಿಗಿಂತ ಬಹಳ ಚುರುಕು. ಅವೇ ಮೊದಲು ಬಂದು ಅಂಟುತ್ತವೆ, ಒಂದೊಂದು ಗುಂಡಿಗೂ ಸಾವಿರಾರು. ಪೆಟ್ಟಿಗೆಯ ತಳದಲ್ಲಿರುವ ವಿದ್ಯುತ್ ತಟ್ಟೆಯ ಹತ್ತಿರದ ವಿದ್ಯುತ್ ಕ್ಷೇತ್ರ ಗುಂಡನ್ನು ಮೇಲಕ್ಕೆ ದೂಡುತ್ತದೆ, ಅದರ ಭಾರ ಕೆಳಕ್ಕೆ ಎಳೆಯುತ್ತದೆ. ಎರಡೂ ಸರಿಸಮ ಆದಲ್ಲಿ ಗುಂಡು ತೇಲಿ ನಿಲ್ಲುತ್ತದೆ. ಪಕ್ಕದಿಂದಲೂ ಕ್ಷೇತ್ರ ಒಳಕ್ಕೆ ಒತ್ತುತ್ತದೆ. ಓಡಲು ದಾರಿಯಿಲ್ಲದ ಗುಂಡುಗಳು ಪರಸ್ಪರ ಆದಷ್ಟು ದೂರ ನಿಲ್ಲಲು ನೋಡುತ್ತವೆ. ಆಗ ಒಂದೊಂದರ ಸುತ್ತಲೂ ಆರಾರು ಗುಂಡು, ಜೇನುಹುಟ್ಟಿನ ಲೆಕ್ಕದಲ್ಲಿ. ಅಂದರೆ ಈ ಹರಳನ್ನು ಕಟ್ಟಿದ್ದು ದೂಡುವಿಕೆಯೇ.

ಇದು ಆಗಬಹುದು ಎಂದು 1986ರಲ್ಲೇ ಇಕೇಜಿ ಎಂಬ ಭೌತವಿಜ್ಞಾನಿ ಲೆಕ್ಕ ಹಾಕಿದ್ದರು. 1994ರಲ್ಲಿ ಜರ್ಮನಿ, ತೈವಾನ್, ಜಪಾನ್ ತಂಡಗಳು ಮಾಡಿ ತೋರಿಸಿದವು. ನಮ್ಮ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲೂ ಈ ಕೆಲಸ ನಡೆಯುತ್ತಿದೆ.

ನನಗೆ ತುಂಬಾ ಇಷ್ಟವಾದದ್ದು ಇವುಗಳ ಚಲನೆ. ಉಪ್ಪಿನ ಹರಳಿನಲ್ಲಿ ಪರಮಾಣು ನಡುಗುವುದನ್ನು ಹೀಗೆ ಕೂತು ನೋಡಲಾಗದು. ಇಲ್ಲಿ ಗುಂಡುಗಳ ನಡುವೆ ಒಂದು ಮಿಲಿಮೀಟರಿನ ಕಾಲೋ ಅರ್ಧವೋ ಅಂತರ. ಲೇಸರ್ ಬೆಳಕು ಹಾಯಿಸಿ ಕ್ಯಾಮೆರಾ ಇಟ್ಟರೆ ಸಾಕು, ಒಂದೊಂದು ಚುಕ್ಕಿಯೂ ನಿಂತಲ್ಲೇ ಅಲುಗುವುದು ಕಾಣುತ್ತದೆ. ಒಂದು ಮೂಲೆಯನ್ನು ಲೇಸರಿನಿಂದ ತಟ್ಟಿದರೆ ಅಲೆ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ವೇಗದಲ್ಲಿ ಸಾಗುತ್ತದೆ. ಒಂದು ಹರಳಿನೊಳಗೆ ಶಬ್ದ ನಡೆದುಹೋಗುವುದನ್ನು ಕಣ್ಣಾರೆ ನೋಡಿದ ಹಾಗೆ!

ಪದರ ಎರಡಾದರೆ ಕಥೆ ಬದಲಾಗುತ್ತದೆ. ಅಯಾನುಗಳು ತಟ್ಟೆಯ ಕಡೆಗೆ ಸುರಿಯುತ್ತಲೇ ಇರುತ್ತವೆ. ಮೇಲಿನ ಗುಂಡು ಅವುಗಳ ದಾರಿ ಬಾಗಿಸಿ ತನ್ನ ಕೆಳಗೆ ಒಟ್ಟುಮಾಡುತ್ತದೆ. ಅಲ್ಲಿ ಧನ ಚಾರ್ಜ್ ಜಾಸ್ತಿ. ಕೆಳಗಿನ ಗುಂಡು ಅದಕ್ಕೆ ಸೆಳೆಯಲ್ಪಟ್ಟು ಮೇಲಿನದರ ನೇರ ಕೆಳಗೇ ಬಂದು ನಿಲ್ಲುತ್ತದೆ. ಮೇಲಿನದಕ್ಕೆ ಮಾತ್ರ ತಿರುಗಿ ಅಂಥ ಸೆಳೆತವಿಲ್ಲ. ನ್ಯೂಟನ್ನನ ಮೂರನೇ ನಿಯಮ ಮುರಿಯಿತೇ? ಇಲ್ಲ. ಲೆಕ್ಕದ ಉಳಿದ ಪಾಲನ್ನು ಹರಿಯುವ ಅಯಾನುಗಳು ಹೊತ್ತೊಯ್ಯುತ್ತವೆ.

ಈ ಏಕಪಕ್ಷೀಯ ಸೆಳೆತದಿಂದ ಗುಂಡುಗಳಿಗೆ ಅಯಾನು ಹರಿವಿನ ಶಕ್ತಿ ಸಿಗುತ್ತಾ ಹೋಗುತ್ತದೆ. ಆರ್ಗಾನ್ ಸಾಕಷ್ಟಿದ್ದರೆ ಅದರ ಘರ್ಷಣೆ ಆ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಒತ್ತಡ ಇಳಿಸಿದರೆ ನಡುಕ ಹೆಚ್ಚಿ, ಸಾಲು ಕೆಟ್ಟು, ಹರಳು ಕರಗುತ್ತದೆ. ಅನಿಲವನ್ನು ಯಾರೂ ಬಿಸಿ ಮಾಡಿರುವುದಿಲ್ಲ.